ಗಾರ್ಸಿಯಾ ದ ಓರ್ಟಾ: ಎಲ್ಲ ಬರೆದವನು ಒಂದನ್ನು ಮಾತ್ರ ಬರೆಯಲಿಲ್ಲ

ಇಂಡಸ್ಟ್ರಿಯಲ್ ವಿಸಿಟ್ ಅಂದ್ರೆ ಗೋವಾ ಅನ್ನೋದು ನಮ್ಮ ಕಾಲೇಜಿನಲ್ಲಿ ಯಾರೂ ಬರೆದಿಡದ ನಿಯಮ. ನಾವೂ ಹೋದೆವು. ಫ್ಯಾಕ್ಟರಿ ನೋಡಿದ್ದು ಎರಡು ಗಂಟೆ, ಬೀಚ್ ನೋಡಿದ್ದು ಎರಡು ದಿನ. ವಾಪಸ್ ಬರುವ ದಿನ ಪಣಜಿಯಲ್ಲಿ ಚರ್ಚ್ ಹತ್ತಿರದ ಒಂದು ಪಾರ್ಕಿನಲ್ಲಿ ಬಸ್ಸಿಗಾಗಿ ಕಾಯುತ್ತಾ ಕೂತಿದ್ದೆವು. ಪಾರ್ಕಿನ ಹೆಸರು ಗಾರ್ಸಿಯಾ ದ ಓರ್ಟಾ ಉದ್ಯಾನ. ಯಾರೋ ಪೋರ್ಚುಗೀಸ್ ಗವರ್ನರ್ ಇರಬೇಕು ಅಂದ್ಕೊಂಡು ಫೋಟೊ ತೆಗೆಸಿಕೊಂಡು ಎದ್ದು ಬಂದೆವು.

ನಾವು ಅಂದರೆ ಈ ಲೇಖನ ಬರೆದ ಮೂವರು, ಚಂದಕವಾಡಿ ಸುತ್ತಮುತ್ತಲ ಊರುಗಳವರು. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಸಂಕ್ರಾಂತಿ ಕಳೆದಿತ್ತು, ಅರಿಶಿನ ಕೀಳುವ ಕಾಲ. ಹೊಲದ ಬದಿಯಲ್ಲಿ ಅರಿಶಿನ ಬೇಯುತ್ತಿರುವಾಗ ಅದರ ಚರಿತ್ರೆ ಏನು ಅಂತ ಸುಮ್ಮನೆ ಮೊಬೈಲಿನಲ್ಲಿ ಹುಡುಕಿದೆವು. ಮತ್ತೆ ಅದೇ ಹೆಸರು ಬಂತು! ಗಾರ್ಸಿಯಾ ದ ಓರ್ಟಾ, ವೈದ್ಯ, 1563ರಲ್ಲಿ ಗೋವಾದಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ನಮ್ಮ ಅರಿಶಿನದ ಬಗ್ಗೆ ಬರೆದಿದ್ದಾನೆ. ಅದರ ಕೆಳಗೇ ಇನ್ನೊಂದು ಸಾಲಿತ್ತು. ಸತ್ತು ಹನ್ನೆರಡು ವರ್ಷದ ಮೇಲೆ ಅವನ ಮೂಳೆಗಳನ್ನು ಗೋರಿಯಿಂದ ತೆಗೆದು ಸುಟ್ಟರು, ಯಾಕಂದ್ರೆ ಅವನು ಒಳಗೊಳಗೆ ಯಹೂದಿ ಅಂತ.

ಅರಿಶಿನದ ಬಗ್ಗೆ ಬರೆದವನ ಮೂಳೆ ಸುಡೋದು ಅಂದ್ರೆ ಏನು? ರಜೆಯಿಡೀ ನಾವು ಓದಿದ್ದು ಅದನ್ನೇ. ಪರೀಕ್ಷೆಗೆ ಇಷ್ಟು ಓದಿದ್ದರೆ ಎರಡು ಬ್ಯಾಕ್‌ಲಾಗ್ ಕ್ಲಿಯರ್ ಆಗ್ತಿತ್ತು.

ಯಹೂದಿಗಳಿಗೂ ನಮಗೂ ಏನು ಸಂಬಂಧ ಅಂತ ಮೊದಲು ನಮಗೂ ಅನ್ನಿಸಿತ್ತು. ಸಂಬಂಧ ಹಳೆಯದು. 12ನೇ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ, ಸಂಬಾರ ಪದಾರ್ಥಗಳ ವ್ಯಾಪಾರದ ಜೊತೆ ಹಿತ್ತಾಳೆ ಪಾತ್ರೆ ಮಾಡಿಸುವ ಕೆಲಸವನ್ನೂ ನಡೆಸಿದ್ದ. ಅವನ ಪತ್ರಗಳು ಕೈರೋದ ಒಂದು ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ತನ್ನ ಧರ್ಮವನ್ನು ಅವನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ. ನಾಲ್ಕು ನೂರು ವರ್ಷ ಕಳೆದು ಅದೇ ಪಶ್ಚಿಮ ಕರಾವಳಿಗೆ ಬಂದ ಓರ್ಟಾನ ಕಥೆ ಬೇರೆ. ಅದು ಶುರುವಾಗೋದು ಸ್ಪೇನ್‌ನಲ್ಲಿ.

1492ರಲ್ಲಿ ಸ್ಪೇನ್‌ನ ರಾಜ ರಾಣಿ ಒಂದು ಆಜ್ಞೆ ಹೊರಡಿಸಿದರು. ಯಹೂದಿಗಳೆಲ್ಲ ಒಂದೋ ಕ್ರೈಸ್ತರಾಗಬೇಕು, ಇಲ್ಲವೇ ದೇಶ ಬಿಡಬೇಕು. ಗಡುವು ನಾಲ್ಕು ತಿಂಗಳು. ನೂರಾರು ವರ್ಷದಿಂದ ಅಲ್ಲೇ ಬಾಳಿದ್ದ ಜನ ಮನೆ, ಅಂಗಡಿ, ಹೊಲಗಳನ್ನು ಸಿಕ್ಕಿದ ಬೆಲೆಗೆ ಮಾರಿ ಹೊರಟರು. ಕೆಲವರು ತುರ್ಕಿಯ ಸುಲ್ತಾನನ ರಾಜ್ಯಕ್ಕೆ ಹೋದರು. ತುಂಬಾ ಜನ ಪಕ್ಕದ ಪೋರ್ಚುಗಲ್‌ಗೆ ದಾಟಿದರು, ನಮ್ಮ ಕಡೆಯವರು ಗಡಿ ದಾಟಿ ತಾಳವಾಡಿಗೆ ಹೋಗಿ ಬರುವ ಹಾಗೆ. ಹಾಗೆ ದಾಟಿದವರಲ್ಲಿ ಓರ್ಟಾನ ಅಪ್ಪ ಅಮ್ಮನೂ ಇದ್ದರು. ಪೋರ್ಚುಗಲ್‌ನ ರಾಜ ಪ್ರವೇಶಕ್ಕೆ ತಲೆಗಿಷ್ಟು ಅಂತ ದುಡ್ಡು ವಸೂಲಿ ಮಾಡಿದ.

ಐದು ವರ್ಷವೂ ನೆಮ್ಮದಿಯಿಂದ ಕಳೆಯಲಿಲ್ಲ. 1497ರಲ್ಲಿ ಪೋರ್ಚುಗಲ್‌ನ ಮುಂದಿನ ರಾಜ ಮನುಯೆಲ್ ಯಹೂದಿಗಳಿಗೆಲ್ಲ ಬಲವಂತವಾಗಿ ಕ್ರೈಸ್ತ ದೀಕ್ಷೆ ಕೊಡಿಸಿದ. ಈ ಸಲ ದೇಶ ಬಿಡುವ ದಾರಿಯೂ ಉಳಿಯಲಿಲ್ಲ. ಮಕ್ಕಳನ್ನು ತಂದೆತಾಯಿಯರಿಂದ ಕಿತ್ತುಕೊಂಡು ದೀಕ್ಷೆ ಕೊಟ್ಟರು. ಒಂದೇ ವರ್ಷದಲ್ಲಿ ಕಾಗದದ ಮೇಲೆ ಪೋರ್ಚುಗಲ್‌ನಲ್ಲಿ ಯಹೂದಿಗಳೇ ಇಲ್ಲ ಅಂತಾಯ್ತು.

ಕಾಗದದ ಮೇಲೆ ಮಾತ್ರ. ಮತಾಂತರವಾದ ಮೇಲಾದರೂ ಎಲ್ಲರ ಹಾಗೆ ಬದುಕೋಕೆ ಬಿಟ್ಟರಾ ಅಂದ್ರೆ ಇಲ್ಲ. ಅವರಿಗೆ ಹೊಸ ಕ್ರೈಸ್ತರು ಅಂತ ಹೆಸರಿಟ್ಟರು. ಮಗ ಹೊಸ ಕ್ರೈಸ್ತ, ಮೊಮ್ಮಗ ಹೊಸ ಕ್ರೈಸ್ತ, ಮರಿಮಗನೂ ಹೊಸ ಕ್ರೈಸ್ತ. ಹಳಬರಾಗೋದು ಯಾವಾಗ ಅಂತ ಯಾರೂ ಹೇಳಲಿಲ್ಲ. ರಕ್ತ ಶುದ್ಧವಾಗಿದೆಯಾ ಅಂತ ವಂಶಾವಳಿ ಕೆದಕಿ, ಹುದ್ದೆ ಕೊಡಬೇಕೋ ಬೇಡವೋ ತೀರ್ಮಾನಿಸುವ ಪದ್ಧತಿ ಸ್ಪೇನ್, ಪೋರ್ಚುಗಲ್ ಎರಡರಲ್ಲೂ ಬೆಳೆಯಿತು. 1506ರಲ್ಲಿ ಲಿಸ್ಬನ್ ನಗರದಲ್ಲಿ ಗುಂಪುಗಳು ಹೊಸ ಕ್ರೈಸ್ತರ ಮೇಲೆ ಬಿದ್ದು ಮೂರು ದಿನದಲ್ಲಿ ಸಾವಿರಾರು ಜನರನ್ನು ಕೊಂದವು.

ಗಾರ್ಸಿಯಾ ಹುಟ್ಟಿದ್ದು ಇಂಥ ಕಾಲದಲ್ಲಿ, 1500ರ ಆಸುಪಾಸಿನಲ್ಲಿ, ಗಡಿಯ ಹತ್ತಿರದ ಕಸ್ತೆಲೊ ದ ವಿದೆ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ವ್ಯಾಪಾರಿ. ಮಗನನ್ನು ಸ್ಪೇನ್‌ನ ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಿಗೆ ಕಳಿಸಿ ವೈದ್ಯಕೀಯ ಓದಿಸಿದ. ತಂದೆತಾಯಿಯನ್ನು ಓಡಿಸಿದ ದೇಶಕ್ಕೇ ಮಗ ಓದೋಕೆ ಹೋದ. ಮರಳಿ ಬಂದು ವೈದ್ಯನಾಗಿ ಪರವಾನಗಿ ಪಡೆದು, 1530ರ ಹೊತ್ತಿಗೆ ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಸೆಟ್ಲ್ ಆದ.

ಆದರೆ ಪೋರ್ಚುಗಲ್‌ಗೂ ಇನ್‌ಕ್ವಿಸಿಷನ್ ಬರುತ್ತೆ ಅನ್ನುವ ಸುದ್ದಿ ಹಬ್ಬುತ್ತಿತ್ತು. ಇನ್‌ಕ್ವಿಸಿಷನ್ ಅಂದರೆ ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯ. ಕ್ರೈಸ್ತರಾದವರು ಮನಸ್ಸಿನಲ್ಲೂ ಕ್ರೈಸ್ತರಾಗಿದ್ದಾರಾ ಅಂತ ಪರೀಕ್ಷಿಸೋದು ಅದರ ಕೆಲಸ. ದೂರು ಕೊಟ್ಟವರು ಯಾರು ಅಂತ ಆರೋಪಿಗೆ ಹೇಳುತ್ತಿರಲಿಲ್ಲ. ಒಪ್ಪಿಕೊಳ್ಳುವವರೆಗೆ ಸೆರೆ, ಬೇಕಾದರೆ ಚಿತ್ರಹಿಂಸೆ. ಹೊಸ ಕ್ರೈಸ್ತರು ದೇಶ ಬಿಟ್ಟು ಹೋಗದಂತೆ ತಡೆಯೂ ಇತ್ತು. 1534ರ ಮಾರ್ಚ್‌ನಲ್ಲಿ ಮಾರ್ತಿಂ ಅಫೊನ್ಸೊ ದ ಸೋಜ ಅನ್ನುವ ನೌಕಾಧಿಪತಿಯ ಖಾಸಗಿ ವೈದ್ಯನಾಗಿ ಓರ್ಟಾ ಹಡಗು ಹತ್ತಿದ. ಸೆಪ್ಟೆಂಬರ್‌ನಲ್ಲಿ ಗೋವಾ ತಲುಪಿದ. ಎರಡು ವರ್ಷ ಕಳೆಯುವಷ್ಟರಲ್ಲಿ, 1536ರಲ್ಲಿ, ಪೋರ್ಚುಗಲ್‌ನಲ್ಲಿ ಇನ್‌ಕ್ವಿಸಿಷನ್ ಶುರುವಾಯ್ತು. ಓರ್ಟಾ ಮತ್ತೆ ಯಾವತ್ತೂ ತನ್ನ ದೇಶಕ್ಕೆ ಹಿಂತಿರುಗಲಿಲ್ಲ.

ಆಗಿನ ಗೋವಾ ಬಿಜಾಪುರದ ಆದಿಲ್ ಶಾಹಿಗಳಿಂದ ಪೋರ್ಚುಗೀಸರ ಕೈಗೆ ಹೋಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಮೊದಲ ನಾಲ್ಕು ವರ್ಷ ಓರ್ಟಾ ದಂಡಿನ ಜೊತೆ ಕರಾವಳಿಯುದ್ದಕ್ಕೂ ಅಲೆದ. ಆಮೇಲೆ ಗೋವಾದಲ್ಲೇ ಮನೆ ಮಾಡಿದ. ವೈಸ್‌ರಾಯ್‌ಗಳಿಗೆ ವೈದ್ಯ, ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾಗೂ ವೈದ್ಯ. ಆ ಆಸ್ಥಾನದಲ್ಲಿದ್ದ ಬೇರೆ ಬೇರೆ ದೇಶದ ವೈದ್ಯರ ಜೊತೆ ಕೂತು ಯಾವ ಬೇರಿಗೆ ಯಾವ ಹೆಸರು, ಯಾವ ಕಾಯಿಲೆಗೆ ಏನು ಕೊಡ್ತಾರೆ ಅಂತ ವಿಚಾರಿಸುತ್ತಿದ್ದ. ಗೋವಾದ ಹಿಂದೂ ವೈದ್ಯರನ್ನೂ ಕೇಳುತ್ತಿದ್ದ. ಮನೆಯಲ್ಲಿ ಗಿಡಮೂಲಿಕೆಗಳ ತೋಟ ಬೆಳೆಸಿದ. ದೊರೆಯಿಂದ ಬಾಂಬೆ ದ್ವೀಪವನ್ನೇ ಗೇಣಿಗೆ ಪಡೆದಿದ್ದ. ಇವತ್ತಿನ ಮುಂಬೈ ಆಗ ತೆಂಗು, ಮಾವಿನ ಮರಗಳ ದ್ವೀಪ.

ಮೂವತ್ತು ವರ್ಷ ಕಂಡು ಕೇಳಿದ್ದನ್ನೆಲ್ಲ ಕೊನೆಗೆ ಪುಸ್ತಕ ಮಾಡಿದ. ಭಾರತಕ್ಕೆ ಮುದ್ರಣ ಯಂತ್ರ ಬಂದಿದ್ದೇ 1556ರಲ್ಲಿ, ಅದೂ ಗೋವಾಕ್ಕೆ. ಏಳು ವರ್ಷದ ನಂತರ, 1563ರ ಏಪ್ರಿಲ್ 10ರಂದು, ಭಾರತದ ಮೂಲಿಕೆ ಮತ್ತು ಔಷಧಿಗಳ ಕುರಿತ ಓರ್ಟಾನ ಸಂಭಾಷಣೆಗಳು ಅಚ್ಚಾದವು. ಸುಮಾರು 60 ಅಧ್ಯಾಯ. ಸ್ಪೇನ್‌ನಲ್ಲಿ ಓದಿ ಹೊಸದಾಗಿ ಹಡಗಿಳಿದು ಬಂದ ರುವಾನೊ ಅನ್ನುವ ಕಲ್ಪಿತ ವೈದ್ಯ ಪ್ರಶ್ನೆ ಕೇಳ್ತಾನೆ, ಓರ್ಟಾ ಉತ್ತರ ಕೊಡ್ತಾನೆ. ಮೆಣಸು, ಏಲಕ್ಕಿ, ಶುಂಠಿ, ಹಲಸು, ಮಾವು, ವೀಳ್ಯದೆಲೆ, ಭಂಗಿ ಎಲ್ಲವೂ ಬರುತ್ತವೆ. ಅರಿಶಿನವನ್ನು ಪೋರ್ಚುಗೀಸರು ಭಾರತದ ಕೇಸರಿ ಅಂತ ಕರೀತಿದ್ದರು. ಬಣ್ಣಕ್ಕೂ ಅಡುಗೆಗೂ ಔಷಧಿಗೂ ಬರುವ ಬೇರು ಅಂತ ಓರ್ಟಾ ಅದನ್ನು ಪರಿಚಯಿಸುತ್ತಾನೆ. ವಾಂತಿಭೇದಿಯಿಂದ ಜನ ಹೇಗೆ ಗಂಟೆಗಳಲ್ಲಿ ಸಾಯುತ್ತಾರೆ ಅಂತ ಅವನು ಬರೆದದ್ದು, ಏಷ್ಯಾದ ಕಾಲರಾ ಬಗ್ಗೆ ಯುರೋಪಿನ ವೈದ್ಯನೊಬ್ಬ ಕೊಟ್ಟ ಮೊದಲ ವಿವರಗಳಲ್ಲಿ ಒಂದು.

ಇಂಗಿನ ಅಧ್ಯಾಯದಲ್ಲಿ ವಿಜಯನಗರವೂ ಬರುತ್ತೆ. ಒಬ್ಬ ಪೋರ್ಚುಗೀಸನ ಬಳಿ ಬೆಲೆಬಾಳುವ ಕುದುರೆ ಇತ್ತು, ಆದರೆ ಅದಕ್ಕೆ ಹೊಟ್ಟೆಯಲ್ಲಿ ವಿಪರೀತ ವಾಯು. ಅದಕ್ಕೇ ರಾಜ ಕೊಳ್ಳಲಿಲ್ಲ. ಅವನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ, ಕುದುರೆ ಸರಿಹೋಯ್ತು, ರಾಜ ಒಳ್ಳೆ ಬೆಲೆಗೆ ಕೊಂಡ. ಹೇಗೆ ವಾಸಿಯಾಯ್ತು ಅಂತ ಕೇಳಿದಾಗ ಇಂಗಿನಿಂದ ಅಂತ ಗೊತ್ತಾಗಿ, ದೇವರ ಆಹಾರ ತಿಂದ ಮೇಲೆ ವಾಸಿಯಾಗದೆ ಇರುತ್ತಾ ಅಂದನಂತೆ ರಾಜ. ಆ ವಾಸನೆ ತಡೆಯಲಾಗದ ಪೋರ್ಚುಗೀಸ, ದೆವ್ವದ ಆಹಾರ ಅಂತ ಮೆಲ್ಲಗೆ ತನ್ನ ಭಾಷೆಯಲ್ಲಿ ಗೊಣಗಿಕೊಂಡನಂತೆ.

ಇಂಜಿನಿಯರಿಂಗ್ ಓದುವವರಿಗೆ ಇಷ್ಟವಾಗೋದು ವಜ್ರದ ಅಧ್ಯಾಯ. ವಿಜಯನಗರ ಸೀಮೆಯಲ್ಲಿ ವಜ್ರ ಸಿಗುವ ಸಂಗತಿಯನ್ನು ಓರ್ಟಾ ಬರೆಯುತ್ತಾನೆ. ವಜ್ರವನ್ನು ಸುತ್ತಿಗೆಯಿಂದ ಒಡೆಯೋಕಾಗಲ್ಲ ಅಂತ ರೋಮನ್ನರ ಕಾಲದಿಂದ ಯುರೋಪಿನ ಪುಸ್ತಕಗಳಲ್ಲಿತ್ತು. ಓರ್ಟಾ ಅದು ಸುಳ್ಳು ಅಂದ. ಸುತ್ತಿಗೆ ಏಟಿಗೆ ವಜ್ರ ಪುಡಿಯಾಗುತ್ತೆ, ಆ ಪುಡಿಯಿಂದಲೇ ಬೇರೆ ವಜ್ರಗಳನ್ನು ಉಜ್ಜಿ ಹೊಳಪು ಕೊಡ್ತಾರೆ. ಮೂರನೇ ಸೆಮಿಸ್ಟರ್‌ನಲ್ಲಿ ಹಾರ್ಡ್‌ನೆಸ್ ಬೇರೆ, ಟಫ್‌ನೆಸ್ ಬೇರೆ ಅಂತ ನಾವು ಬಾಯಿಪಾಠ ಮಾಡಿದ್ದನ್ನು ಈ ಮನುಷ್ಯ ನೋಡಿ ತಿಳಿದುಕೊಂಡಿದ್ದ.

ಆ ಕಾಲದ ವೈದ್ಯರಿಗೆ ಗ್ರೀಕರ ಗೇಲನ್, ಡಯೋಸ್ಕೊರಿಡಿಸ್ ಪುಸ್ತಕಗಳು ನಮಗೆ ಸೀನಿಯರ್ ಕೊಟ್ಟ ಲ್ಯಾಬ್ ರೆಕಾರ್ಡ್ ಇದ್ದ ಹಾಗೆ. ಪ್ರಯೋಗ ಮಾಡೋದು ಯಾಕೆ, ರೀಡಿಂಗ್ ಅದರಲ್ಲೇ ಇದೆಯಲ್ಲ! ಓರ್ಟಾ ಆ ರೆಕಾರ್ಡನ್ನು ಗೌರವದಿಂದ ಓದಿ, ಕಣ್ಣಿಗೆ ಕಂಡಿದ್ದು ಬೇರೆಯಾದರೆ ಕಂಡದ್ದನ್ನೇ ಬರೆದ. ಸ್ಪೇನ್‌ನಲ್ಲಿದ್ದಿದ್ದರೆ ಗೇಲನ್‌ಗೆ ಎದುರಾಡುವ ಧೈರ್ಯ ತನಗೆ ಬರುತ್ತಿರಲಿಲ್ಲ ಅಂತಲೂ ಒಪ್ಪಿಕೊಂಡಿದ್ದಾನೆ. ಪಂಡಿತರ ಲ್ಯಾಟಿನ್ ಬಿಟ್ಟು ಜನರ ಪೋರ್ಚುಗೀಸ್‌ನಲ್ಲಿ ಬರೆದ. ಅಚ್ಚಿನ ತಪ್ಪುಗಳು ವಿಪರೀತ, ಪುಸ್ತಕದ ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿಯೇ ಹಲವು ಪುಟ. ಕನ್ನಡದಲ್ಲಿ ಟೆಕ್ನಿಕಲ್ ಲೇಖನ ಬರೆದು ಟೈಪಿಂಗ್ ತಪ್ಪಿಗೆ ಬೈಸಿಕೊಳ್ಳುವ ನಮ್ಮ ಬಳಗಕ್ಕೆ ಇದು ಸ್ವಲ್ಪ ಸಮಾಧಾನ.

ಓರ್ಟಾನನ್ನು ದೇವರು ಮಾಡೋದು ಬೇಡ. ಪುಸ್ತಕದಲ್ಲಿ ಆಂಟೋನಿಯಾ ಅನ್ನುವ ಸೇವಕಿ ಆಗಾಗ ಬಂದು ಕೇಳಿದ ಗಿಡ, ಕಾಯಿ ತಂದುಕೊಟ್ಟು ಹೋಗ್ತಾಳೆ. ಗೋವಾದ ಶ್ರೀಮಂತರ ಮನೆಗಳಲ್ಲಿ ಆಗ ಗುಲಾಮರು ಸಾಮಾನ್ಯ. ತಾನು ಹೆದರಿ ಬಂದ ಸಾಮ್ರಾಜ್ಯದ ನೆರಳಲ್ಲೇ ಅವನು ಶ್ರೀಮಂತನಾದ ಅನ್ನೋದೂ ನಿಜ. ಅನ್ಯಾಯಕ್ಕೆ ಸಿಕ್ಕವನು ಇನ್ನೊಬ್ಬರ ಕಷ್ಟ ನೋಡೇ ನೋಡ್ತಾನೆ ಅನ್ನೋ ಗ್ಯಾರಂಟಿ ಇಲ್ಲ.

ಈಗ ಪುಸ್ತಕದಲ್ಲಿ ಇಲ್ಲದ ಕಥೆ. ಓರ್ಟಾ ಗೋವಾದಲ್ಲಿ ಹೆಸರು ಮಾಡುತ್ತಿದ್ದಾಗಲೇ, 1543ರಲ್ಲಿ, ಅವನ ಹಾಗೇ ಹೊಸ ಕ್ರೈಸ್ತನಾಗಿದ್ದ ಜೆರೊನಿಮೊ ದಿಯಾಸ್ ಅನ್ನುವ ವೈದ್ಯನನ್ನು ಯಹೂದಿ ನಂಬಿಕೆ ಇಟ್ಟುಕೊಂಡ ಆರೋಪದ ಮೇಲೆ ಗೋವಾದಲ್ಲಿ ಸುಟ್ಟರು. ಓರ್ಟಾ ಮದುವೆಯಾದದ್ದೂ ಅದೇ ವರ್ಷ, ತನ್ನದೇ ಬಳಗದ ಬ್ರಿಯಾಂದಾ ದ ಸೋಲಿಸ್ ಅನ್ನುವ ಹುಡುಗಿಯನ್ನು. 1547ರಲ್ಲಿ ಲಿಸ್ಬನ್‌ನಲ್ಲಿ ಅವನ ಸೋದರಿಯರನ್ನು ಇನ್‌ಕ್ವಿಸಿಷನ್ ಹಿಡಿಯಿತು. ಬಿಡುಗಡೆಯಾದ ಮೇಲೆ ತಾಯಿ, ಸೋದರಿಯರು ಗೋವಾಕ್ಕೆ ಬಂದು ಅವನ ಆಸರೆ ಪಡೆದರು. 1560ರಲ್ಲಿ ಇನ್‌ಕ್ವಿಸಿಷನ್ ಹಡಗು ಹತ್ತಿ ಗೋವಾಕ್ಕೂ ಬಂತು. ಓಡಿ ಬಂದ ದಾರಿಯಲ್ಲೇ ಅದೂ ಹಿಂದೆ ಬಂತು.

ಯಹೂದಿತನ ಕಂಡುಹಿಡಿಯೋಕೆ ಇನ್‌ಕ್ವಿಸಿಷನ್ ಗುರುತುಗಳ ಪಟ್ಟಿ ಇಟ್ಟುಕೊಂಡಿತ್ತು. ಶನಿವಾರ ಒಗೆದ ಬಟ್ಟೆ ಹಾಕ್ತಾರಾ? ಶುಕ್ರವಾರ ಸಂಜೆ ಹೊಸ ಬತ್ತಿ ಹಾಕಿ ದೀಪ ಹಚ್ಚುತ್ತಾರಾ? ಹಂದಿ ಮಾಂಸ ತಿನ್ನೋಕೆ ಹಿಂಜರೀತಾರಾ? ಯಾವ ದಿನ ಉಪವಾಸ ಇರ್ತಾರೆ? ಇಂಥವನ್ನು ಕಂಡರೆ ಬಂದು ಹೇಳಿ ಅಂತ ಜನರಿಗೆ ಸಾರುತ್ತಿದ್ದರು. ಹೇಳುವವರು ಅಕ್ಕಪಕ್ಕದವರೇ, ಕೆಲಸದವರೇ, ನೆಂಟರೇ. ತಟ್ಟೆ ನೋಡುವ ಕಣ್ಣು, ಬಟ್ಟೆ ನೋಡುವ ಕಣ್ಣು, ದೀಪ ನೋಡುವ ಕಣ್ಣು.

ಹೀಗಿದ್ದೂ 1563ರ ಆ ಪುಸ್ತಕದ ಮುಖಪುಟದಲ್ಲಿ ಗೋವಾದ ಇನ್‌ಕ್ವಿಸಿಟರ್ ಇದನ್ನು ಪರಿಶೀಲಿಸಿದ್ದಾರೆ ಅಂತ ಅಚ್ಚಾಗಿದೆ. ಅವರಿಗೆ ಬೇರು, ತೊಗಟೆಗಳ ವಿಷಯದಲ್ಲಿ ತಕರಾರು ಕಾಣಲಿಲ್ಲ. ಗ್ರೀಕರು ಹೇಳಿದ್ದು ತಪ್ಪು ಅಂತ ಸಾವಿರ ಸಲ ಬರೆದವನು ತನ್ನ ಮನೆಯ ದೀಪದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಬರೆದಿದ್ದರೆ ಪುಸ್ತಕವೂ ಇರುತ್ತಿರಲಿಲ್ಲ, ಅವನೂ ಇರುತ್ತಿರಲಿಲ್ಲ.

ಓರ್ಟಾ 1568ರಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ. ಅದೇ ವರ್ಷ ಸೋದರಿ ಕತರೀನಾಳನ್ನು ಬಂಧಿಸಿದರು. 1569ರ ಅಕ್ಟೋಬರ್ 25ರಂದು ಅವಳನ್ನು ಗೋವಾದಲ್ಲಿ ಸುಟ್ಟರು. ಹಿಂಸೆಯ ಕೆಳಗೆ ಅವಳು ಕೊಟ್ಟ ಹೇಳಿಕೆ, ಕುಟುಂಬದವರ ಹೇಳಿಕೆಗಳಿಂದ ಅಣ್ಣನೂ ಯಹೂದಿ ಧರ್ಮವನ್ನೇ ನಂಬಿದ್ದ ಅಂತ ದಾಖಲಾಯ್ತು. 1580ರಲ್ಲಿ ಗೋರಿ ತೆಗೆದು ಅವನ ಮೂಳೆಗಳನ್ನು ಸಾರ್ವಜನಿಕವಾಗಿ ಸುಟ್ಟರು. ಸತ್ತವನಿಗೂ ಮರಣದಂಡನೆ.

ಇನ್ನೊಂದು ಸಂಗತಿ ಇದರ ಪಕ್ಕ ಇಡಬೇಕು. ಓರ್ಟಾ ಸತ್ತ ಅದೇ 1568ರಲ್ಲಿ ಇದೇ ಕರಾವಳಿಯ ದಕ್ಷಿಣದ ಕೊಚ್ಚಿಯಲ್ಲಿ ಪರದೇಶಿ ಸಿನಗಾಗ್ ಕಟ್ಟಿದರು. ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಸ್ಪೇನ್, ಪೋರ್ಚುಗಲ್‌ನಿಂದ ಓಡಿ ಬಂದವರ ವಂಶದವರೂ ಅದರಲ್ಲಿ ಸೇರಿದ್ದರು. ಜಾಗ ಕೊಟ್ಟವನು ಕೊಚ್ಚಿಯ ರಾಜ, ಅದೂ ತನ್ನ ಅರಮನೆ, ದೇವಸ್ಥಾನಗಳ ಪಕ್ಕದಲ್ಲೇ. ಅದು ಇವತ್ತಿಗೂ ಇದೆ. ಒಂದೇ ವರ್ಷ, ಒಂದೇ ಸಮುದ್ರ, ಒಂದೇ ಜನ. ಒಂದೂರಲ್ಲಿ ಬಾಗಿಲು ತೆರೆದು ಪ್ರಾರ್ಥನೆ, ಇನ್ನೊಂದೂರಲ್ಲಿ ದೀಪ ಹಚ್ಚೋಕೂ ಕಿಟಕಿ ಮುಚ್ಚಬೇಕು. ಯಾರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋದು ಕಾಲದ ತಪ್ಪು ಅಂತ ತಳ್ಳಿಹಾಕೋಕೆ ಆಗಲ್ಲ. ಅದೇ ಕಾಲದಲ್ಲಿ ಬೇರೆ ಥರ ನಡೆದುಕೊಂಡವರೂ ಇದ್ದರು.

ಗೋವಾದ ಇನ್‌ಕ್ವಿಸಿಷನ್ ನಡುವೆ ಕೆಲವು ವರ್ಷ ನಿಂತು, 1812ರವರೆಗೆ ನಡೆಯಿತು. ಹೊಸ ಕ್ರೈಸ್ತರಿಂದ ಶುರುವಾದದ್ದು ಆಮೇಲೆ ಮತಾಂತರವಾದ ಸ್ಥಳೀಯರನ್ನು, ಹಿಂದೂಗಳನ್ನೂ ಹಿಡಿಯಿತು. ತೆರಿಗೆ, ಯುದ್ಧ, ಕ್ಷಾಮಗಳ ಜೊತೆ ಈ ಭಯವೂ ಸೇರಿ ಕೊಂಕಣಿ ಮಾತಾಡುವ ಎಷ್ಟೋ ಕುಟುಂಬಗಳು ನಮ್ಮ ಕಾರವಾರ, ಹೊನ್ನಾವರ, ಮಂಗಳೂರು ಕಡೆ ಬಂದವು. ಅವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಇದನ್ನು ಒಂದು ಧರ್ಮದವರ ತಪ್ಪು ಅಂತ ಓದಿದರೆ ನಾವು ಏನೂ ಕಲಿತ ಹಾಗಾಗಲ್ಲ. ಹುಟ್ಟು ನೋಡಿ ಅನುಮಾನಿಸುವ ಅಧಿಕಾರ ಯಾರ ಕೈಗೆ ಬಂದರೂ ಹೀಗೇ ಆಗುತ್ತೆ.

ಪುಸ್ತಕ ಮಾತ್ರ ಉಳಿಯಿತು. ಕ್ಲೂಸಿಯಸ್ ಅನ್ನುವ ಸಸ್ಯವಿಜ್ಞಾನಿ 1567ರಲ್ಲೇ ಅದನ್ನು ಲ್ಯಾಟಿನ್‌ಗೆ ಸಂಗ್ರಹಿಸಿ ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದ. ಯುರೋಪಿನ ವೈದ್ಯರು ಭಾರತದ ಔಷಧಿಗಳನ್ನು ಅದರಿಂದ ತಿಳಿದುಕೊಂಡರು. ಓರ್ಟಾನ ಕುಟುಂಬಕ್ಕೆ ಏನಾಯ್ತು ಅಂತ ಜಗತ್ತಿಗೆ ವಿವರವಾಗಿ ಗೊತ್ತಾಗಿದ್ದು 1930ರ ದಶಕದಲ್ಲಿ, ಪೋರ್ಚುಗಲ್‌ನ ಇತಿಹಾಸಕಾರರೊಬ್ಬರು ಇನ್‌ಕ್ವಿಸಿಷನ್ ಕಡತಗಳನ್ನು ತೆರೆದು ಓದಿ ಪ್ರಕಟಿಸಿದಾಗ. ಅವನು ಬಚ್ಚಿಟ್ಟದ್ದನ್ನು ಬರೆದಿಟ್ಟವರು ಸುಟ್ಟವರೇ.

ಓದುತ್ತಾ ಹೋದಂತೆ ನಮ್ಮನ್ನು ಚುಚ್ಚಿದ್ದು ಆ ಗುರುತುಗಳ ಪಟ್ಟಿ. ಫಸ್ಟ್ ಇಯರ್‌ನಲ್ಲಿ ನಮ್ಮ ಹಾಸ್ಟೆಲ್‌ಗೆ ಪಕ್ಕದ ಊರಿನ ಹುಡುಗನೊಬ್ಬ ಬಂದ. ಊರು ಯಾವುದು ಅಂತ ಕೇಳಿದೆವು, ಹೇಳಿದ. ಊರಲ್ಲಿ ಯಾವ ಬೀದಿ ಅಂತ ಕೇಳಿದೆವು. ನಮ್ಮ ಕಡೆಯವರಿಗೆ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವನು ಒಂದು ಕ್ಷಣ ತಡೆದು ಒಂದು ಬೀದಿಯ ಹೆಸರು ಹೇಳಿದ. ಅದು ಅವನ ಬೀದಿ ಅಲ್ಲ ಅಂತ ಆರು ತಿಂಗಳ ಮೇಲೆ ಗೊತ್ತಾಯ್ತು. ಸುಳ್ಳು ಹೇಳಿದ ಅಂತ ನಾವು ನಮ್ಮ ನಮ್ಮಲ್ಲೇ ನಕ್ಕೆವು. ಸುಳ್ಳು ಹೇಳಬೇಕಾದ ಪ್ರಶ್ನೆ ಕೇಳಿದವರು ಯಾರು ಅಂತ ಆಗ ಹೊಳೆಯಲಿಲ್ಲ.

ಎರಡೂ ಒಂದೇ ಅಂತ ನಾವು ಹೇಳ್ತಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೂ ಸುಟ್ಟಿಲ್ಲ. ಆದರೆ ನಾವು ಕೇಳಿದ್ದು ಅಂಥದೇ ಪ್ರಶ್ನೆ, ನೋಡಿದ್ದು ಅದೇ ಕಣ್ಣಿಂದ. ಆ ಹುಡುಗ ಕ್ಲಾಸಿನಲ್ಲಿ ಸರ್ಕ್ಯೂಟ್ ತಪ್ಪಾಗಿದೆ ಅಂತ ಲೆಕ್ಚರರ್‌ಗೇ ತೋರಿಸಿಕೊಡುವಷ್ಟು ಜಾಣ. ಮೆಸ್‌ನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಓರ್ಟಾನ ಕಥೆ ಓದುವವರೆಗೆ ಅದು ಅವನ ಸ್ವಭಾವ ಅಂದ್ಕೊಂಡಿದ್ದೆವು.

ಈ ಲೇಖನದ ಕರಡನ್ನು ಮೊದಲು ಅವನಿಗೇ ಕೊಟ್ಟೆವು. ಬೀದಿಯ ವಿಷಯ ಬೇಡ ಅಂದರೆ ತೆಗೀತೀವಿ ಅಂತಲೂ, ಅವತ್ತು ಕೇಳಿದ್ದು ತಪ್ಪಾಯ್ತು ಅಂತಲೂ ಹೇಳಿದೆವು. ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟ. ಹನ್ನೊಂದು ಕಾಗುಣಿತದ ತಪ್ಪು ತಿದ್ದಿದ್ದ. ಬೀದಿಯ ಸಾಲುಗಳನ್ನು ಮುಟ್ಟಿರಲಿಲ್ಲ, ಇರಲಿ ಅಂದ. ಮುಂದಿನ ಸಂಕ್ರಾಂತಿ ರಜೆಗೆ ಅರಿಶಿನ ಬೇಯಿಸುವ ಹೊತ್ತಿಗೆ ನಮ್ಮೂರಿಗೆ ಬಾ ಅಂತ ಕರೆದಿದ್ದೇವೆ. ನೋಡೋಣ ಅಂದಿದ್ದಾನೆ.